ರಕ್ತಪಿಶಾಚಿಯ ಎದುರು ಶಿಲುಬೆ: ಒಂದು ದೇವಶಾಸ್ತ್ರೀಯ ವಿಮರ್ಶೆ

ದೇವಾಲಯದ ಹೊರಗೆ ಶಿಲುಬೆಯೂ ಪರಮಪ್ರಸಾದದ ರೊಟ್ಟಿಯೂ ಕಥೆಯ ಗತಿಯನ್ನೇ ನಿರ್ಣಯಿಸುವ ಜನಪ್ರಿಯ ಕೃತಿಗಳು ಯಾವುವೆಂದು ಯಾರಾದರೂ ಕೇಳಿದರೆ, ನಾವು ತುಸು ಸಂಕೋಚದಿಂದಲೇ ಹೆಸರಿಸಬೇಕಾದವು ರಕ್ತಪಿಶಾಚಿಯ ಕಥೆಗಳು. ಕಾದಂಬರಿಯಲ್ಲಿ ಎರಡು ಶತಮಾನಗಳಿಂದಲೂ ಚಲನಚಿತ್ರದಲ್ಲಿ ಒಂದು ಶತಮಾನದಿಂದಲೂ ಈ ಕಥೆಗಳು ನಮ್ಮ ವಿಶ್ವಾಸದ ಪದಗಳನ್ನೇ ಬಳಸಿಕೊಂಡು ಬೆಳೆದಿವೆ: ರಕ್ತ, ಜೀವ, ಸಮಾಧಿ, ಸಮಾಧಿಯಿಂದ ಎದ್ದುಬರುವಿಕೆ, ಕೊನೆಯಿಲ್ಲದ ಬದುಕು. ನಮ್ಮ ಮಾತುಗಳನ್ನು ಇಷ್ಟು ದೀರ್ಘಕಾಲ ಆಡಿದವರು ಅವುಗಳಿಂದ ಏನು ಹೇಳಿದ್ದಾರೆಂದು ಕೇಳಿಸಿಕೊಳ್ಳುವುದು ದೇವಶಾಸ್ತ್ರದ ಅಭ್ಯಾಸಿಗೆ ವ್ಯರ್ಥ ಕಾಲಯಾಪನೆಯಲ್ಲ.

ಪ್ರಸಂಗಪೀಠವು ಈ ಕಥೆಗಳಿಗೆ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ. ಒಂದು, ಸೈತಾನನ ಆಟವೆಂದು ತಳ್ಳಿಹಾಕುವುದು. ಇನ್ನೊಂದು, ಸಿದ್ಧ ದೃಷ್ಟಾಂತವೆಂದು ಎತ್ತಿಕೊಳ್ಳುವುದು: ರಕ್ತಪಿಶಾಚಿಯು ತಾನು ಬದುಕಲೆಂದು ಇತರರ ರಕ್ತವನ್ನು ಹೀರುತ್ತದೆ, ಕ್ರಿಸ್ತನು ಇತರರು ಬದುಕಲೆಂದು ತನ್ನ ರಕ್ತವನ್ನು ಸುರಿಸುತ್ತಾನೆ. ಈ ಎರಡನೆಯ ಮಾತು ನಿಜವೇ. ಆದರೆ ಅದನ್ನು ಹೇಳಿದ ಕೂಡಲೇ ನಾವು ಸುರಕ್ಷಿತವಾಗಿ ಕ್ರಿಸ್ತನ ಪಕ್ಷದಲ್ಲಿ ನಿಂತುಬಿಡುತ್ತೇವೆ. ಕೃತಿಗಳನ್ನು ತಾಳ್ಮೆಯಿಂದ ಓದಿದರೆ ಹೀರುವುದಕ್ಕೂ ಸುರಿಸುವುದಕ್ಕೂ ನಡುವಿನ ಗೆರೆ ಪಿಶಾಚಿಗೂ ಶಿಲುಬೆ ಹಿಡಿದವನಿಗೂ ನಡುವೆ ಮಾತ್ರ ಹಾದುಹೋಗುವುದಿಲ್ಲ, ಶಿಲುಬೆ ಹಿಡಿದವನ ಎದೆಯ ನಡುವೆಯೂ ಹಾದುಹೋಗುತ್ತದೆ. ಈ ಲೇಖನದಲ್ಲಿ ನಾವು ತೋರಿಸಬಯಸುವುದು ಇಷ್ಟನ್ನೇ.

1. ಪದ ಮತ್ತು ಹಿನ್ನೆಲೆ

ಮೊದಲು ಪದದ ವಿಚಾರ. 1870ರಲ್ಲಿ ರಿಚರ್ಡ್ ಬರ್ಟನ್ ನಮ್ಮ ವಿಕ್ರಮ-ಬೇತಾಳದ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳವನ್ನು 'ವ್ಯಾಂಪೈರ್' ಎಂದು ಕರೆದನು. ಹೋಲಿಕೆ ಮೇಲುಮೇಲಿನದು. ಶವವನ್ನು ಹೊಕ್ಕು, ರಾಜನ ಹೆಗಲೇರಿ, ಒಗಟು ಹಾಕಿ ವಿವೇಕವನ್ನು ಪರೀಕ್ಷಿಸುವ ಬೇತಾಳಕ್ಕೂ ತನ್ನದೇ ಸಮಾಧಿಯಿಂದ ಎದ್ದು ನೆರೆಹೊರೆಯವರ ಜೀವ ಹೀರುವ ಯೂರೋಪಿನ ಪ್ರೇತಕ್ಕೂ ಸ್ವಭಾವದಲ್ಲಿಯೇ ಅಂತರವಿದೆ. ಎರಡನೆಯದು ಹೂಳುವ ಸಂಸ್ಕೃತಿಯ, ದೇಹದ ಪುನರುತ್ಥಾನವನ್ನು ನಂಬುವ ಜನರ ಭಯ. ಆದುದರಿಂದ ಅದು ಕ್ರೈಸ್ತ ಲೋಕದ ಒಳಗಿನಿಂದಲೇ ಎದ್ದ ಪ್ರಶ್ನೆ. ರಕ್ತಪಿಶಾಚಿ ಎಂಬ ಪದವನ್ನು ನಾವು ಈ ಅರ್ಥದಲ್ಲಿಯೇ ಬಳಸುತ್ತೇವೆ.

ಈ ಭಯ ಯೂರೋಪಿನ ವಿದ್ವಾಂಸರ ಕಿವಿಗೆ ಬಿದ್ದುದು 18ನೆಯ ಶತಮಾನದಲ್ಲಿ. ಆಸ್ಟ್ರಿಯದ ಆಳ್ವಿಕೆಗೆ ಒಳಪಟ್ಟಿದ್ದ ಸರ್ಬಿಯದ ಹಳ್ಳಿಗಳಿಂದ 1725ರಲ್ಲಿಯೂ 1732ರಲ್ಲಿಯೂ ಅಧಿಕಾರಿಗಳ ವರದಿಗಳು ಬಂದವು: ಹೂತ ಶವಗಳು ಕೊಳೆತಿಲ್ಲ, ಬಾಯಲ್ಲಿ ರಕ್ತವಿದೆ, ಊರಿನವರು ಸಾಯುತ್ತಿದ್ದಾರೆ. 1746ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಯೂ ಸತ್ಯವೇದದ ಖ್ಯಾತ ವ್ಯಾಖ್ಯಾನಕಾರನೂ ಆದ ಆಗಸ್ಟಿನ್ ಕಾಲ್ಮೆ ಈ ವಿಷಯವನ್ನೇ ಕುರಿತು ಗ್ರಂಥ ಬರೆದನು. ಸತ್ತವರನ್ನು ಎಬ್ಬಿಸುವ ಅಧಿಕಾರ ದೇವರೊಬ್ಬನಿಗೇ ಇರುವಾಗ ಇವರನ್ನು ಎಬ್ಬಿಸಿದವರು ಯಾರು ಎಂಬುದು ಅವನನ್ನು ಕಾಡಿದ ಪ್ರಶ್ನೆ. 1755ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ತನ್ನ ವೈದ್ಯನ ವರದಿಯ ಮೇರೆಗೆ ಶವಗಳನ್ನು ಅಗೆದು ಸುಡುವ ಪದ್ಧತಿಯನ್ನು ನಿಷೇಧಿಸಿದಳು. ಹಳ್ಳಿಗಳಲ್ಲಿ ನಿಷೇಧಕ್ಕೆ ಒಳಗಾದದ್ದು ಸಾಹಿತ್ಯದಲ್ಲಿ ಆಶ್ರಯ ಪಡೆಯಿತು. 1819ರ ಪಾಲಿಡೊರಿಯ ಕಥೆ, 1872ರ ಲೆ ಫಾನುವಿನ 'ಕಾರ್ಮಿಲ್ಲಾ', ಕೊನೆಗೆ 1897ರಲ್ಲಿ ಬ್ರಾಮ್ ಸ್ಟೋಕರನ 'ಡ್ರಾಕುಲಾ'.

2. 'ಡ್ರಾಕುಲಾ'ದಲ್ಲಿ ಎರಡು ಬಗೆಯ ರಕ್ತ

ಸ್ಟೋಕರ್ ಡಬ್ಲಿನ್ನಿನ ಪ್ರಾಟೆಸ್ಟೆಂಟ್ ಮನೆತನದವನು. ಅವನ ಜೊನಾಥನ್ ಹಾರ್ಕರ್ ಟ್ರಾನ್ಸಿಲ್ವೇನಿಯದ ದಾರಿಯಲ್ಲಿರುವಾಗ ಛತ್ರದ ಮುದುಕಿಯೊಬ್ಬಳು ತನ್ನ ಕೊರಳಿನ ಶಿಲುಬೆಯನ್ನು ಬಿಚ್ಚಿ ಅವನಿಗೆ ತೊಡಿಸುತ್ತಾಳೆ. ಇಂಥವುಗಳನ್ನು ವಿಗ್ರಹಾರಾಧನೆಯ ಸಮೀಪದವೆಂದು ಕಲಿತು ಬೆಳೆದ ಆಂಗ್ಲ ಸಭೆಯ ಹಾರ್ಕರ್ ಮುಜುಗರಪಡುತ್ತಾನೆ. ಆದರೆ ಕೆಲವೇ ದಿನಗಳಲ್ಲಿ ಕೌಂಟನ ಕೈ ಆ ಶಿಲುಬೆಯ ಮಣಿಸರವನ್ನು ತಾಕಿ ಹಿಮ್ಮೆಟ್ಟುತ್ತದೆ. ಇಲ್ಲಿ ಗಮನಿಸತಕ್ಕದ್ದು ಶಿಲುಬೆಯ ಶಕ್ತಿಗಿಂತ ಹೆಚ್ಚಾಗಿ ಅದು ಅವನಿಗೆ ದೊರೆತ ರೀತಿ. ಅದು ಅವನು ಸಂಪಾದಿಸಿದ ಆಯುಧವಲ್ಲ. ಭಾಷೆಯೂ ಸಭೆಯೂ ಬೇರೆಯಾದ ಬಡ ಹೆಂಗಸೊಬ್ಬಳು ತನ್ನ ರಕ್ಷಣೆಯನ್ನೇ ಬಿಚ್ಚಿಕೊಟ್ಟ ದಾನ.

ಕಾದಂಬರಿಯ ಕೇಂದ್ರದಲ್ಲಿ ಸತ್ಯವೇದದ ಒಂದು ನಿಷೇಧವಿದೆ. ಹುಚ್ಚಾಸ್ಪತ್ರೆಯಲ್ಲಿ ನೊಣ, ಜೇಡ, ಗುಬ್ಬಿಗಳನ್ನು ತಿನ್ನುತ್ತ ಜೀವಗಳನ್ನು ಕೂಡಿಹಾಕುವ ರೆನ್‌ಫೀಲ್ಡ್ ಧರ್ಮೋಪದೇಶಕಾಂಡ 12:23ನ್ನು ಉದ್ಧರಿಸುತ್ತಾನೆ. ಆದರೆ ಅರ್ಧವನ್ನು ಮಾತ್ರ. ರಕ್ತವು ಜೀವವಾಗಿದೆ ಎಂಬುದನ್ನು ಹೇಳಿ, ಆದಕಾರಣ ಅದನ್ನು ತಿನ್ನಬಾರದು ಎಂಬುದನ್ನು ಬಿಟ್ಟುಬಿಡುತ್ತಾನೆ. ಧರ್ಮಶಾಸ್ತ್ರದಲ್ಲಿ ಈ ಎರಡೂ ಒಂದೇ ವಾಕ್ಯ. ಯಾಜಕಕಾಂಡ 17ರ ಪ್ರಕಾರ ರಕ್ತವು ಯಜ್ಞವೇದಿಗೆ ಮೀಸಲು, ಏಕೆಂದರೆ ಜೀವವು ದೇವರದು. ಮತ್ತೊಬ್ಬರ ಜೀವವನ್ನು ನನ್ನ ಜೀವಕ್ಕೆ ಕೂಡಿಸಿಕೊಳ್ಳುವ ಅಧಿಕಾರ ನನಗಿಲ್ಲ. ಅರ್ಧ ವಾಕ್ಯದ ಧರ್ಮವೇ ರಕ್ತಪಿಶಾಚಿಯ ಧರ್ಮ.

ಆದರೆ ಈ ಕಾದಂಬರಿಯಲ್ಲಿ ರಕ್ತವನ್ನು ಹೀರುವವನು ಮಾತ್ರವಲ್ಲ, ಕೊಡುವವರೂ ಇದ್ದಾರೆ. ಲೂಸಿ ದಿನೇದಿನೇ ಬಿಳಿಚಿಕೊಳ್ಳುತ್ತಿರುವಾಗ ಆರ್ಥರ್, ಸೀವರ್ಡ್, ವಾನ್ ಹೆಲ್ಸಿಂಗ್, ಕ್ವಿನ್ಸಿ ಮಾರಿಸ್ ಎಂಬ ನಾಲ್ವರು ಒಬ್ಬರಾದ ಮೇಲೊಬ್ಬರು ತಮ್ಮ ತೋಳಿನ ರಕ್ತವನ್ನು ಅವಳಿಗೆ ಕೊಡುತ್ತಾರೆ. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ಇನ್ನೂ ಗುರುತಿಸಿರದ ಕಾಲವದು. ವೈದ್ಯಕೀಯವಾಗಿ ಈ ಪ್ರಸಂಗ ಅಪಾಯಕರ. ಸಾಂಕೇತಿಕವಾಗಿ ಮಾತ್ರ ಅದು ಸ್ಪಷ್ಟ. ಒಂದೇ ದೇಹದಿಂದ ರಾತ್ರಿ ಒಬ್ಬನು ಕದಿಯುತ್ತಾನೆ, ಹಗಲು ನಾಲ್ವರು ತುಂಬುತ್ತಾರೆ. ಕೊನೆಯಲ್ಲಿ ಕ್ವಿನ್ಸಿ ಮಾರಿಸ್ ಗಾಯಗೊಂಡು, ರಕ್ತ ಸುರಿಸಿ, ತೃಪ್ತನಾಗಿ ಸಾಯುತ್ತಾನೆ. ಡ್ರಾಕುಲನನ್ನು ಕೊನೆಗಾಣಿಸುವುದು ಪವಿತ್ರ ವಸ್ತುಗಳಲ್ಲ, ಚೂರಿಗಳು. ಆ ಹೋರಾಟದ ಬೆಲೆ ತೆತ್ತವನು ಕ್ವಿನ್ಸಿ.

ಪವಿತ್ರ ವಸ್ತುಗಳ ಬಳಕೆಯನ್ನು ನೋಡಿದರೆ ಮನಸ್ಸು ಕಸಿವಿಸಿಗೊಳ್ಳುತ್ತದೆ. ಕಥೋಲಿಕನಾದ ವಾನ್ ಹೆಲ್ಸಿಂಗ್ ಪರಮಪ್ರಸಾದದ ರೊಟ್ಟಿಯನ್ನು ಪುಡಿಮಾಡಿ ಹಿಟ್ಟಿನೊಡನೆ ಕಲಸಿ ಲೂಸಿಯ ಸಮಾಧಿಯ ಬಿರುಕುಗಳನ್ನು ಮುಚ್ಚುತ್ತಾನೆ. ತನಗೆ ಪಾಪದಂಡವಿಮೋಚನೆಯ ಪತ್ರವಿದೆ ಎಂಬುದು ಅವನ ಸಮರ್ಥನೆ. ಅಂಥ ಪತ್ರಕ್ಕೂ ಈ ಬಗೆಯ ಅನುಮತಿಗೂ ಸಂಬಂಧವಿಲ್ಲವೆಂದು ನಮ್ಮ ಕಥೋಲಿಕ ಓದುಗರು ಕೂಡಲೇ ಹೇಳುವರು. ತಪ್ಪು ಸಣ್ಣದು, ಸೂಚನೆ ದೊಡ್ಡದು: ಭುಂಜಿಸಲು ಕೊಟ್ಟ ರೊಟ್ಟಿ ಇಲ್ಲಿ ಬೀಗವಾಗಿದೆ.

ಇದರ ಪರಿಣಾಮವನ್ನು ಅನುಭವಿಸುವವಳು ಮೀನಾ. ಡ್ರಾಕುಲ ಅವಳ ರಕ್ತ ಹೀರಿ, ತನ್ನ ಎದೆಯ ರಕ್ತವನ್ನು ಬಲವಂತದಿಂದ ಕುಡಿಸುತ್ತಾನೆ. ಆಗ ಅವನಾಡುವ ಮಾತು ಆದಿಕಾಂಡ 2ರಲ್ಲಿ ಆದಾಮನು ಹವ್ವಳನ್ನು ಕಂಡು ಆಡಿದ ಮಾತಿನ ವಿಕೃತ ಪ್ರತಿಧ್ವನಿ. ಕೊಡುವವನ ಔದಾರ್ಯವಿಲ್ಲ, ಸ್ವೀಕರಿಸುವವಳ ಸಮ್ಮತಿಯಿಲ್ಲ. ಇದು ಭೋಜನವಲ್ಲ, ಅತ್ಯಾಚಾರ. ಬಳಿಕ ವಾನ್ ಹೆಲ್ಸಿಂಗ್ ಅವಳನ್ನು ಕಾಪಾಡಲೆಂದು ಹಣೆಗೆ ರೊಟ್ಟಿಯನ್ನು ತಾಕಿಸಿದಾಗ ಅದು ಅವಳ ಚರ್ಮವನ್ನು ಸುಡುತ್ತದೆ. ಅವಳು ಯಾಜಕಕಾಂಡ 13ರ ಕುಷ್ಠರೋಗಿಯಂತೆ ತಾನು ಅಶುದ್ಧಳೆಂದು ಕೂಗುತ್ತಾಳೆ. ರೊಟ್ಟಿ ಸುಟ್ಟ ಗುರುತು ಅಪರಾಧ ಮಾಡಿದವನ ಹಣೆಯಲ್ಲಿಲ್ಲ, ಅಪರಾಧಕ್ಕೆ ಬಲಿಯಾದವಳ ಹಣೆಯಲ್ಲಿದೆ. ಸಭಾಪಾಲನೆಯಲ್ಲಿ ತೊಡಗಿರುವ ಯಾರೂ ಈ ದೃಶ್ಯವನ್ನು ಬರಿಯ ಭಯಾನಕ ರಸವೆಂದು ಓದಿ ಮುಂದೆ ಹೋಗಲಾರರು. ದೌರ್ಜನ್ಯಕ್ಕೊಳಗಾದ ಹೆಂಗಸು ದೇವಾಲಯದ ಹಿಂದಿನ ಬೆಂಚಿಗೆ ಸರಿದುಕೊಂಡುದನ್ನು, ಪಾತ್ರೆ ಅವಳ ಮುಂದೆ ಬಂದಾಗ ತಲೆ ತಗ್ಗಿಸಿದುದನ್ನು ನಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೇವೆ. ಅವಳ ಹಣೆಗೆ ಆ ಗುರುತನ್ನು ಒತ್ತಿದ ಕೈ ಯಾರದು?

ಸ್ಟೋಕರನ ಗೌರವಕ್ಕೆ ಒಂದು ಮಾತು ಸಲ್ಲಬೇಕು. ಹೀಗೆ ಗುರುತು ಹೊತ್ತವಳ ಬಾಯಲ್ಲಿಯೇ ಅವನು ಕಾದಂಬರಿಯ ಅತ್ಯಂತ ಕ್ರೈಸ್ತವಾದ ಮಾತನ್ನು ಇಟ್ಟಿದ್ದಾನೆ. ಬೇಟೆಗೆ ಹೊರಟ ಗಂಡಸರನ್ನು ತಡೆದು, ಈ ಕೆಲಸ ದ್ವೇಷದಿಂದ ಆಗಬಾರದು, ಇಷ್ಟೆಲ್ಲ ಕೇಡನ್ನು ಮಾಡಿದ ಆ ಆತ್ಮವೇ ಎಲ್ಲರಿಗಿಂತ ಕನಿಕರಕ್ಕೆ ಪಾತ್ರವೆಂದು ಮೀನಾ ಹೇಳುತ್ತಾಳೆ. ಕೊನೆಗೆ ಧೂಳಾಗುವ ಮುನ್ನ ಡ್ರಾಕುಲನ ಮುಖದಲ್ಲಿ ಶಾಂತಿ ಸುಳಿದುದನ್ನು ಕಾಣುವವಳೂ ಅವಳೇ.

3. ಬೆರಳು ಯಾರ ಕಡೆಗೆ?

ರಕ್ತ ಕುಡಿಯುವವರು ಎಂಬ ಆರೋಪಕ್ಕೆ ಕಾದಂಬರಿಗಿಂತ ಹಳೆಯ ಚರಿತ್ರೆಯಿದೆ, ಅದರಲ್ಲಿ ಸಭೆಯ ಪಾತ್ರ ಎರಡು ಬಗೆಯದು. 2ನೆಯ ಶತಮಾನದಲ್ಲಿ ಆ ಆರೋಪವನ್ನು ಹೊತ್ತವರು ಕ್ರೈಸ್ತರೇ. ಗುಟ್ಟಾಗಿ ಕೂಡಿ ಶಿಶುವಿನ ಮಾಂಸ ತಿನ್ನುವರೆಂಬ ಅಪವಾದಕ್ಕೆ ತೆರ್ತುಲಿಯನನು ವ್ಯಂಗ್ಯದಿಂದ ಉತ್ತರ ಬರೆಯಬೇಕಾಯಿತು. ಸಾವಿರ ವರ್ಷಗಳ ನಂತರ, ಅಧಿಕಾರ ಕೈಗೆ ಬಂದ ಮೇಲೆ, ಅದೇ ಅಪವಾದವನ್ನು ಕ್ರೈಸ್ತರು ಯೆಹೂದ್ಯರ ಮೇಲೆ ಹೊರಿಸಿದರು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗ ಸತ್ತಾಗ ಯೆಹೂದ್ಯರು ಅವನನ್ನು ವಿಧಿಪೂರ್ವಕವಾಗಿ ಕೊಂದರೆಂಬ ಕಥೆ ಹುಟ್ಟಿತು. ಮುಂದಿನ ಶತಮಾನಗಳಲ್ಲಿ ಅದಕ್ಕೆ ರಕ್ತದ ಬಳಕೆಯ ಮಾತೂ ಸೇರಿತು. 1475ರಲ್ಲಿ ಇಟಲಿಯ ಟ್ರೆಂಟಿನಲ್ಲಿ ಸಿಮೋನನೆಂಬ ಶಿಶುವಿನ ಸಾವಿಗಾಗಿ ಯೆಹೂದ್ಯರನ್ನು ಹಿಂಸಿಸಿ ಕೊಲ್ಲಲಾಯಿತು. ಆ ಶಿಶುವಿನ ಆರಾಧನೆಯನ್ನು ಕಥೋಲಿಕ ಸಭೆ ರದ್ದುಪಡಿಸಿದ್ದು 1965ರಲ್ಲಿ. ಧರ್ಮಶಾಸ್ತ್ರವೇ ರಕ್ತವನ್ನು ನಿಷೇಧಿಸಿದ ಜನರ ಮೇಲೆ ರಕ್ತ ಕುಡಿದ ಆರೋಪ ಹೊರಿಸಿದವರು, ಪ್ರತಿ ಭಾನುವಾರ ಕ್ರಿಸ್ತನ ರಕ್ತದ ಪಾತ್ರೆಯನ್ನು ಎತ್ತುತ್ತಿದ್ದವರು. ಇದನ್ನು ನಾವು ತಲೆತಗ್ಗಿಸಿಯೇ ಓದಬೇಕು.

ಈ ನೆರಳು ಸಾಹಿತ್ಯದ ರಕ್ತಪಿಶಾಚಿಯ ಮೇಲೂ ಬಿದ್ದಿದೆ. ಪೂರ್ವ ಯೂರೋಪಿನಿಂದ ಬಂದು ಲಂಡನ್ನಿನಲ್ಲಿ ಮನೆ ಕೊಳ್ಳುವ, ಹಳೆಯ ನಾಣ್ಯ ಕೂಡಿಟ್ಟ, ಹೆಂಗಸರ ಮೇಲೆ ಕಣ್ಣಿಟ್ಟ ಪರಕೀಯನ ಚಿತ್ರದಲ್ಲಿ ಅಂದಿನ ಯೆಹೂದ್ಯ ವಲಸಿಗರ ಕುರಿತ ಭೀತಿಯನ್ನು ಹಾಲ್ಬರ್‌ಸ್ಟ್ಯಾಮ್ ಮೊದಲಾದ ವಿಮರ್ಶಕರು ಗುರುತಿಸಿದ್ದಾರೆ. 1922ರಲ್ಲಿ ಮುರ್ನೌ ನಿರ್ದೇಶಿಸಿದ 'ನೊಸ್ಫೆರಾಟು' ಚಿತ್ರದ ಕೌಂಟ್ ಓರ್ಲಾಕನ ಬಾಗಿದ ಮೂಗು, ಅವನೊಡನೆ ಹಡಗಿನಲ್ಲಿ ಬರುವ ಇಲಿಗಳು, ಊರಿಗೆ ಹಬ್ಬುವ ಪ್ಲೇಗು ಕೂಡ ಈ ಚರ್ಚೆಗೆ ಒಳಗಾಗಿವೆ. ನಿರ್ದೇಶಕನ ಉದ್ದೇಶವೇನೇ ಇರಲಿ, 1940ರಲ್ಲಿ ನಾಜಿ ಪ್ರಚಾರಚಿತ್ರವೊಂದು ಯೆಹೂದ್ಯರನ್ನು ಇಲಿಗಳಿಗೆ ಹೋಲಿಸಿದ್ದನ್ನು ಬಲ್ಲ ನಾವು ಆ ಚಿತ್ರವನ್ನು ಮುಗ್ಧರಾಗಿ ನೋಡಲಾರೆವು.

ಆದರೆ ರೂಪಕದ ಬೆರಳು ಮೇಲಕ್ಕೂ ತೋರಬಲ್ಲದು. 1867ರಲ್ಲಿ ಕಾರ್ಲ್ ಮಾರ್ಕ್ಸ್ ಬಂಡವಾಳವನ್ನು ಜೀವಂತ ದುಡಿಮೆಯನ್ನು ಹೀರಿ ಬದುಕುವ ಸತ್ತ ದುಡಿಮೆ ಎಂದು ವರ್ಣಿಸುವಾಗ ರಕ್ತಪಿಶಾಚಿಯನ್ನೇ ನೆನೆದನು. ಬಡವರ ರಕ್ತ ಹೀರುವವರು ಎಂದು ನಮ್ಮ ಜನ ಬಡ್ಡಿಸಾಹುಕಾರನನ್ನು ಬಯ್ಯುವಾಗಲೂ ಬೆರಳು ಅದೇ ದಿಕ್ಕಿನಲ್ಲಿದೆ. ಪ್ರವಾದಿಗಳ ಬೆರಳೂ ಹಾಗೆಯೇ. ಮೀಕ 3ರಲ್ಲಿ ಜನರ ಚರ್ಮ ಸುಲಿದು ಮಾಂಸ ತಿನ್ನುವವರು ಇಸ್ರಾಯೇಲಿನ ಅಧಿಪತಿಗಳು. ಯೆಹೆಜ್ಕೇಲ 34ರಲ್ಲಿ ಕುರಿಗಳ ಕೊಬ್ಬನ್ನು ತಿಂದು ಉಣ್ಣೆಯನ್ನು ಹೊದೆಯುವವರು ಕುರುಬರೇ. ರಕ್ತಪಿಶಾಚಿಯ ಕಥೆಯನ್ನು ಓದುವ ಕ್ರೈಸ್ತನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಬೆರಳು ದುರ್ಬಲನ ಕಡೆಗೋ, ಬಲಿಷ್ಠನ ಕಡೆಗೋ?

4. ಬೆಳಕು ಆರಿದ ಶಿಲುಬೆ

20ನೆಯ ಶತಮಾನದಲ್ಲಿ ಈ ಕಥೆಗಳೊಳಗೆ ಶಿಲುಬೆಯ ಸ್ಥಾನ ಬದಲಾಗುತ್ತ ಹೋಯಿತು. 1958ರ ಹ್ಯಾಮರ್ ಸಂಸ್ಥೆಯ 'ಡ್ರಾಕುಲಾ' ಚಿತ್ರದಲ್ಲಿ ವಾನ್ ಹೆಲ್ಸಿಂಗ್ ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡಲಾಗಿ ಹಿಡಿದೊಡನೆ ಪಿಶಾಚಿ ಹಿಮ್ಮೆಟ್ಟುತ್ತದೆ. ಅಲ್ಲಿ ವಿಶ್ವಾಸ ಬೇಕಿಲ್ಲ, ಆಕೃತಿ ಸಾಕು. ಫಿಲಿಷ್ಟಿಯರ ವಿರುದ್ಧ ಗೆಲ್ಲಲೆಂದು ಒಡಂಬಡಿಕೆಯ ಮಂಜೂಷವನ್ನು ರಣರಂಗಕ್ಕೆ ಹೊತ್ತುಕೊಂಡು ಹೋದ ಇಸ್ರಾಯೇಲ್ಯರ ಎಣಿಕೆಯೂ ಇದೇ. 1 ಸಮುವೇಲ 4ರಲ್ಲಿ ಅವರು ಯುದ್ಧವನ್ನೂ ಸೋತರು, ಮಂಜೂಷವನ್ನೂ ಕಳೆದುಕೊಂಡರು.

ಸ್ಟೀಫನ್ ಕಿಂಗ್ 1975ರಲ್ಲಿ ಬರೆದ 'ಸೇಲಮ್ಸ್ ಲಾಟ್' ಕಾದಂಬರಿಯಲ್ಲಿ ಇದಕ್ಕೆ ಸರಿಸಮವಾದ ದೃಶ್ಯವಿದೆ. ಯಾಜಕ ಕ್ಯಾಲಹನ್ ಎತ್ತಿ ಹಿಡಿದ ಶಿಲುಬೆ ಬೆಳಗುತ್ತಿದೆ. ಬಾರ್ಲೋ ಎಂಬ ರಕ್ತಪಿಶಾಚಿ ಒಬ್ಬ ಹುಡುಗನನ್ನು ಹಿಡಿದಿದೆ. ಹುಡುಗನನ್ನು ಬಿಟ್ಟರೆ ಶಿಲುಬೆಯನ್ನು ಕೆಳಗಿಟ್ಟು ಬರಿಗೈಯಲ್ಲಿ ಎದುರಿಸುವೆಯಾ ಎಂದು ಅದು ಕೇಳುತ್ತದೆ. ಕ್ಯಾಲಹನ್ ಒಪ್ಪುತ್ತಾನೆ, ಹುಡುಗ ಬಿಡುಗಡೆಯಾಗುತ್ತಾನೆ, ಆದರೆ ಯಾಜಕನಿಗೆ ಶಿಲುಬೆಯನ್ನು ಬಿಡಲು ಧೈರ್ಯ ಸಾಲದು. ಆಗ ಅದರ ಬೆಳಕು ಆರುತ್ತದೆ. ಪಿಶಾಚಿ ಅದನ್ನು ಅವನ ಕೈಯಿಂದ ಕಿತ್ತು ಮುರಿದು, ತನ್ನ ರಕ್ತವನ್ನು ಅವನಿಗೆ ಕುಡಿಸುತ್ತದೆ. ಅನಂತರ ಸ್ವಂತ ದೇವಾಲಯದ ಬಾಗಿಲೇ ಅವನ ಕೈಯನ್ನು ಸುಡುತ್ತದೆ. ಅಪೊಸ್ತಲರ ಕೃತ್ಯಗಳು 19ರಲ್ಲಿ ಪೌಲನು ಸಾರುವ ಯೇಸುವಿನ ಹೆಸರನ್ನು ಎರವಲು ತಂದು, ಗಾಯಗೊಂಡು ಓಡಿದ ಸ್ಕೇವನ ಮಕ್ಕಳು ನೆನಪಿಗೆ ಬರುತ್ತಾರೆ. ಆದರೂ ಕ್ಯಾಲಹನ್‌ನ ತೀರ್ಪಿನಲ್ಲಿ ನಾವು ಅವಸರಪಡಬಾರದು. ಕಿಂಗ್ ಅವನಿಂದ ಒಂದು ಬಗೆಯ ವೀರವಿಶ್ವಾಸವನ್ನು ಬೇಡುತ್ತಾನೆ. ಸುವಾರ್ತೆಯಾದರೋ ಅಪನಂಬಿಕೆಯ ನಡುವೆ ಸಹಾಯ ಬೇಡಿದ ತಂದೆಗೂ ಉತ್ತರ ಕೊಡುತ್ತದೆ. ಕ್ಯಾಲಹನ್‌ನ ಕೊರತೆ ಸಂದೇಹವಲ್ಲ. ಯಾರ ಗುರುತನ್ನು ಹಿಡಿದಿದ್ದನೋ ಆತನನ್ನು ಮರೆತು ಗುರುತಿಗೆ ಅಂಟಿಕೊಂಡದ್ದು.

ಮರುವರ್ಷ, 1976ರಲ್ಲಿ, ಆನ್ ರೈಸ್‌ಳ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' ಬಂದಿತು. ರಕ್ತದ ಕ್ಯಾನ್ಸರಿನಿಂದ ಎಳೆಯ ಮಗಳನ್ನು ಕಳೆದುಕೊಂಡ ತಾಯಿ ಬರೆದ ಕಾದಂಬರಿ ಅದು. ಅದರ ನಾಯಕ ಲೂಯಿಗೆ ಶಿಲುಬೆಯಿಂದ ಯಾವ ತೊಂದರೆಯೂ ಇಲ್ಲ. ಅವನು ದೇವಾಲಯವನ್ನು ಹೊಕ್ಕು, ಪಾಪನಿವೇದನೆ ಮಾಡಿ, ಯಾಜಕನನ್ನೇ ಕೊಲ್ಲುತ್ತಾನೆ. ಆಕಾಶದಿಂದ ಬೆಂಕಿ ಬೀಳುವುದಿಲ್ಲ. ಅವನ ಯಾತನೆ ಶಿಲುಬೆ ಸುಡುವುದೆಂಬುದಲ್ಲ, ಸುಡುವುದಿಲ್ಲವೆಂಬುದು. ತನ್ನನ್ನು ತೀರ್ಪಿಗೆ ಒಳಪಡಿಸುವವನೂ ಇಲ್ಲದ ಲೋಕದಲ್ಲಿ ಕ್ಷಮಿಸುವವನೂ ಇಲ್ಲ. ನಂಬಿಕೆಯಿಲ್ಲದ ಕಾಲದ ಶೋಕವನ್ನು ಇಷ್ಟು ನೇರವಾಗಿ ಹೇಳಿದ ಜನಪ್ರಿಯ ಕೃತಿಗಳು ಕಡಿಮೆ.

2025ರಲ್ಲಿ ರಯಾನ್ ಕೂಗ್ಲರ್ ನಿರ್ದೇಶಿಸಿದ 'ಸಿನ್ನರ್ಸ್' ಚಿತ್ರ ಇನ್ನೊಂದು ಹೆಜ್ಜೆ ಇಡುತ್ತದೆ. 1932ರ ಮಿಸಿಸಿಪ್ಪಿ, ಬೋಧಕನ ಮಗನಾದ ಕಪ್ಪು ತರುಣ ಸ್ಯಾಮಿ ಆಪತ್ತಿನಲ್ಲಿ ಕರ್ತನ ಪ್ರಾರ್ಥನೆಯನ್ನು ಹೇಳತೊಡಗಿದರೆ ಐರ್ಲೆಂಡ್ ಮೂಲದ ರಕ್ತಪಿಶಾಚಿ ರೆಮಿಕ್ ತಾನೂ ದನಿಗೂಡಿಸುತ್ತಾನೆ. ತನ್ನ ತಂದೆಯ ನೆಲವನ್ನು ಕಸಿದವರೇ ಆ ಮಾತುಗಳನ್ನು ತನ್ನ ಜನರ ಮೇಲೆ ಹೇರಿದರು, ಆದರೂ ಅವು ತನಗೆ ಸಮಾಧಾನ ಕೊಡುತ್ತವೆ ಎನ್ನುತ್ತಾನೆ. ವಸಾಹತು ಆಳ್ವಿಕೆಯ ಕಾಲದಲ್ಲಿ ಅದೇ ಪ್ರಾರ್ಥನೆಯನ್ನು ಕಲಿತ ನಮಗೆ ಈ ಮಾತು ಅಪರಿಚಿತವಲ್ಲ. ಪ್ರಾರ್ಥನೆಯ ಪದಗಳು ದೋಚಿದವನ ಬಾಯಲ್ಲಿಯೂ ದೋಚಲ್ಪಟ್ಟವನ ಬಾಯಲ್ಲಿಯೂ ಒಂದೇ. ಅವು ಬೇರೆಯಾಗುವುದು ದಿನದ ಆಹಾರವನ್ನು ಬೇಡಿದ ಮೇಲೆ ನೆರೆಯವನ ತಟ್ಟೆಗೆ ನಾವೇನು ಮಾಡುತ್ತೇವೆ ಎಂಬುದರಲ್ಲಿ.

5. ಪಾತ್ರೆಯಲ್ಲಿ ಏನಿದೆ?

ಈ ಎಲ್ಲ ಎಳೆಗಳು ಕೂಡುವುದು ಮೈಕ್ ಫ್ಲ್ಯಾನಗನ್‌ನ 'ಮಿಡ್‌ನೈಟ್ ಮಾಸ್' ಎಂಬ 2021ರ ಏಳು ಕಂತುಗಳ ಸರಣಿಯಲ್ಲಿ. ಸಣ್ಣ ದ್ವೀಪವೊಂದರ ವೃದ್ಧ ಗುರು ಪ್ರೂಯಿಟ್ ಪವಿತ್ರ ನಾಡಿನ ಯಾತ್ರೆಯಲ್ಲಿ ಮರಳುಗಾಳಿಗೆ ಸಿಕ್ಕಿ ದಾರಿ ತಪ್ಪುತ್ತಾನೆ. ಗುಹೆಯಲ್ಲಿ ರೆಕ್ಕೆಯುಳ್ಳ ಜೀವಿಯೊಂದು ಅವನ ರಕ್ತ ಹೀರಿ ತನ್ನದನ್ನು ಕುಡಿಸುತ್ತದೆ. ಅವನಿಗೆ ಯೌವನ ಮರಳುತ್ತದೆ. ಅವನು ಅದನ್ನು ದೇವದೂತನೆಂದು ನಂಬಿ ದ್ವೀಪಕ್ಕೆ ತಂದು, ಅದರ ರಕ್ತವನ್ನು ಗುಟ್ಟಾಗಿ ದ್ರಾಕ್ಷಾರಸದ ಪಾತ್ರೆಯಲ್ಲಿ ಬೆರೆಸುತ್ತಾನೆ. ನಡೆಯಲಾರದ ಹುಡುಗಿ ನಡೆಯುತ್ತಾಳೆ, ಮುದುಕರ ಬೆನ್ನು ನೆಟ್ಟಗಾಗುತ್ತದೆ, ಖಾಲಿಯಿದ್ದ ದೇವಾಲಯ ತುಂಬುತ್ತದೆ.

ಈ ಸರಣಿಯ ಬಲವಿರುವುದು ಪ್ರೂಯಿಟ್ ಕೆಟ್ಟವನಲ್ಲ ಎಂಬುದರಲ್ಲಿ. ಅವನು ತನ್ನ ಸಭೆಯನ್ನು ಪ್ರೀತಿಸುತ್ತಾನೆ. ತಾನು ಪ್ರೀತಿಸಿದವರು ಮುಪ್ಪಾಗಿ ಮರೆವಿಗೆ ಜಾರುವುದನ್ನು ಸಹಿಸಲಾರ. ಸತ್ಯವೇದವನ್ನೂ ಅವನು ಬಿಟ್ಟಿಲ್ಲ: ದೇವದೂತರನ್ನು ಕಂಡವರು ಹೆದರಿದರೆಂದು ಅದು ಹೇಳುತ್ತದಲ್ಲವೇ, ರಕ್ತದಿಂದ ಜೀವವೆಂದು ಹೇಳುತ್ತದಲ್ಲವೇ? ರೆನ್‌ಫೀಲ್ಡನಂತೆ ಅವನೂ ಅರ್ಧ ವಾಕ್ಯಗಳ ಓದುಗ. ಅವನ ಪಕ್ಕದಲ್ಲಿ ಪ್ರತಿ ಅನ್ಯಾಯಕ್ಕೂ ಒಂದು ವಚನ ಹುಡುಕಿಕೊಡುವ ಬೆವ್ ಕೀನ್ ಇದ್ದಾಳೆ. ಕಡೆಗೆ ಪಾಸ್ಕ ಜಾಗರಣೆಯ ರಾತ್ರಿಯಲ್ಲಿ ಪುನರುತ್ಥಾನದ ಹೆಸರಿನಲ್ಲಿ ಸಭೆಯವರಿಗೆ ವಿಷ ಹಂಚಲಾಗುತ್ತದೆ.

ಆ ಪಾತ್ರೆಗೂ ಕರ್ತನ ಪಾತ್ರೆಗೂ ಭೇದವೇನು? ಅದ್ಭುತವಲ್ಲ, ಅದು ಎರಡೂ ಕಡೆ ಇದ್ದೀತು. ಮೊದಲನೆಯದು, ಅಲ್ಲಿ ಕೊಟ್ಟವನು ತನ್ನದನ್ನು ಕೊಡಲಿಲ್ಲ, ಕುಡಿದವರಿಗೆ ಏನು ಕುಡಿಯುತ್ತಿದ್ದೇವೆಂದು ತಿಳಿದಿರಲಿಲ್ಲ. ಯೋಹಾನ 6ರಲ್ಲಿ ಯೇಸು ತನ್ನ ರಕ್ತದ ಮಾತನ್ನು ಬಹಿರಂಗವಾಗಿ, ಎಡವುವಂತೆಯೇ ಆಡಿದನು. ಅನೇಕ ಶಿಷ್ಯರು ಬಿಟ್ಟುಹೋದರು. ಆತನು ಅವರನ್ನು ತಡೆಯಲಿಲ್ಲ, ಉಳಿದವರಿಗೂ ಹೋಗುವ ಸ್ವಾತಂತ್ರ್ಯವಿದೆಯೆಂದು ತಿಳಿಸಿದನು. ಎರಡನೆಯದು, ಪಿಶಾಚಿಯ ಬದುಕು ಸಾವನ್ನು ತಪ್ಪಿಸಿಕೊಂಡ ಬದುಕು, ಪುನರುತ್ಥಾನವು ಸಾವನ್ನು ದಾಟಿದ ಬದುಕು. ಎದ್ದುಬಂದ ಕರ್ತನ ಕೈಯಲ್ಲಿ ಗಾಯಗಳು ಉಳಿದಿದ್ದವು. ದ್ವೀಪದ ಪವಾಡಗಳಲ್ಲಿ ಗಾಯದ ಗುರುತೇ ಇಲ್ಲ. ಸರಣಿಯ ಕೊನೆಯಲ್ಲಿ ರಕ್ತಪಿಶಾಚಿಗಳಾದ ಸಭೆಯವರು ಅಡಗುವ ಜಾಗವಿಲ್ಲದೆ ಬಯಲಲ್ಲಿ ನಿಂತು ಕೀರ್ತನೆ ಹಾಡುತ್ತ ಬೆಳಗನ್ನು ಎದುರುನೋಡುತ್ತಾರೆ. ಸಾಯಲು ಒಪ್ಪಿದಾಗ ಅವರು ಮತ್ತೆ ಸಭೆಯಾಗುತ್ತಾರೆ.

6. ಬೇತ್ಲೆಹೇಮಿನ ನೀರು

2 ಸಮುವೇಲ 23ರಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಅದುಲ್ಲಾಮಿನ ಗುಹೆಯಲ್ಲಿದ್ದ ದಾವೀದನು ಬೇತ್ಲೆಹೇಮಿನ ಬಾವಿಯ ನೀರಿಗಾಗಿ ಹಂಬಲಿಸಿದನು. ಮೂವರು ಯೋಧರು ಪ್ರಾಣದ ಹಂಗು ತೊರೆದು ಫಿಲಿಷ್ಟಿಯರ ಪಾಳೆಯವನ್ನು ಭೇದಿಸಿ ನೀರು ತಂದರು. ದಾವೀದನು ಅದನ್ನು ಕುಡಿಯಲಿಲ್ಲ. ಇದು ಇವರ ರಕ್ತವೆಂದು ಅರಿತು ಕರ್ತನಿಗೆ ಅರ್ಪಣೆಯಾಗಿ ನೆಲಕ್ಕೆ ಹೊಯ್ದನು. ರಕ್ತಪಿಶಾಚಿಯ ಕಥೆಗಳಿಗೆ ಸತ್ಯವೇದದ ಅತ್ಯುತ್ತಮ ಉತ್ತರ ಇದೆಂದು ನಮಗೆ ತೋರುತ್ತದೆ. ಬಟ್ಟಲಿನಲ್ಲಿದ್ದದ್ದು ಬರಿಯ ನೀರು. ಅದರಲ್ಲಿ ಇತರರ ಜೀವವನ್ನು ಕಂಡದ್ದು ಅರಸನ ಕಣ್ಣು.

ಸಭಾಪಾಲಕನ ಮುಂದೆ ದಿನವೂ ಇಂಥ ಬಟ್ಟಲುಗಳು ಬರುತ್ತವೆ: ಬೀಡಿ ಕಟ್ಟಿ ಉಳಿಸಿದ ಹಣದಿಂದ ವಿಧವೆ ತಂದ ಕಾಣಿಕೆ, ಸಂಬಳವಿಲ್ಲದೆ ಭಾನುವಾರದ ಶಾಲೆ ನಡೆಸುವ ತರುಣಿಯ ಸಮಯ, ನಮ್ಮ ಮಾತನ್ನು ಪ್ರಶ್ನಿಸದೆ ಪಾಲಿಸುವವರ ಭರವಸೆ. ಅವನ್ನು ಹೀರಿಕೊಂಡು ದೊಡ್ಡವರಾಗುವುದು ಸುಲಭ. ಕೊರಳಲ್ಲಿ ಶಿಲುಬೆ ಇದ್ದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಡ್ರಾಕುಲನಿಗೆ ಕನ್ನಡಿಯಲ್ಲಿ ಪ್ರತಿಬಿಂಬವಿಲ್ಲವೆಂದು ಸ್ಟೋಕರ್ ಬರೆದನು. ಅವನ ಕಥೆಯನ್ನೇ ಕನ್ನಡಿಯಾಗಿ ಹಿಡಿದರೆ ನಮ್ಮ ಪ್ರತಿಬಿಂಬ ಅದರಲ್ಲಿ ಇದೆ. ಅದನ್ನು ನೋಡಲು ಒಪ್ಪುವ ವಿದ್ಯಾರ್ಥಿಗಳೊಡನೆ ಈ ಕೃತಿಗಳನ್ನು ತರಗತಿಯಲ್ಲಿ ಓದಲು ನಾವು ಹಿಂಜರಿಯಬೇಕಾಗಿಲ್ಲ.